ಮಕ್ಕಳ ಗಂಟಲಿಗೆ ಒಗ್ಗುವ ಹಾಡು

ನವೆಂಬರ್ ಕೊನೆಯ ವಾರ ಬಂತೆಂದರೆ ಬೆಂಗಳೂರಿನ ಕುಕ್ ಟೌನಿನ ಶಾಲೆಗಳ ಕಾಂಪೌಂಡಿನಾಚೆಯಿಂದ ಎರಡು ಬಗೆಯ ಸದ್ದು ರಸ್ತೆಗೆ ಬೀಳುತ್ತದೆ. ಒಂದು, ಕೀಬೋರ್ಡಿನ ಮೇಲೆ ಯಾರೋ ಒಂದು ಕೈಯಲ್ಲಿ ನುಡಿಸುವ ಸ್ವರ, ಅದರ ಹಿಂದೆಯೇ ಮುಗ್ಗರಿಸುತ್ತ ಬರುವ ಮೂವತ್ತು ನಲವತ್ತು ಮಕ್ಕಳ ದನಿ. ಇನ್ನೊಂದು, ದೊಡ್ಡ ಸ್ಪೀಕರಿನ ಧಂ ಧಂ, ಅದರ ಮೇಲೆ ಅಮೆರಿಕದ ಗಾಯಕಿಯೊಬ್ಬಳ ಏರುದನಿ, ನಡುನಡುವೆ ‘ಫೈವ್ ಸಿಕ್ಸ್ ಸೆವೆನ್ ಏಟ್’ ಎಂದು ಕೂಗುವ ಡಾನ್ಸ್ ಮಾಸ್ತರು. ಎರಡೂ ಒಂದೇ ಸಂಜೆಯ ಕಾರ್ಯಕ್ರಮದ ತಾಲೀಮು. ಬೆಳಗಿನ ವಾಕಿಂಗಿನವರು ಮೊದಲನೆಯದು ಕೇಳಿದರೆ ಒಂದು ಕ್ಷಣ ನಿಧಾನಿಸುತ್ತಾರೆ, ಎರಡನೆಯದು ಕೇಳಿದರೆ ಹೆಜ್ಜೆ ಬಿರುಸಾಗುತ್ತದೆ. ಆ ಬಿರುಸು ಬೇಜಾರಿನಿಂದಲೋ ತಾಳಕ್ಕೆ ಸಿಕ್ಕಿದ್ದರಿಂದಲೋ ಹೇಳುವುದು ಕಷ್ಟ.

ದಂಡು ಪ್ರದೇಶದ ಈ ತುದಿಯಲ್ಲಿ ಡಿಸೆಂಬರಿಗೆ ತನ್ನದೇ ವಾಸನೆಯಿದೆ. ವೀಲರ್ ರಸ್ತೆಯ ಥಾಮ್ಸ್ ಬೇಕರಿಯಲ್ಲಿ ಪ್ಲಮ್ ಕೇಕಿಗೆ ನೂಕುನುಗ್ಗಲು. ಮಂಗಳೂರು ಕಡೆಯವರ ಮನೆಗಳಲ್ಲಿ ಕುಸ್ವಾರಿಗೆ ಬಾಣಲೆ ಇಟ್ಟಾಗಿರುತ್ತದೆ. ನೆವ್ರಿ, ಕಿಡಿಯೊ, ಗುಲಾಬಿ ಹೂವಿನ ಅಚ್ಚಿನ ಕೊಕ್ಕಿಸ್. ಬಾಲ್ಕನಿಗಳಲ್ಲಿ ಕಾಗದದ ನಕ್ಷತ್ರ. ತಮಿಳು ಪ್ರಾಟೆಸ್ಟೆಂಟರು, ಕೊಂಕಣಿ ಮಾತಿನ ಕ್ಯಾಥೊಲಿಕರು, ಕೇರಳದ ಸಿರಿಯನ್ ಕ್ರೈಸ್ತರು, ಅಳಿದುಳಿದ ಆಂಗ್ಲೋ ಇಂಡಿಯನ್ ಮನೆಗಳು, ಇವರೆಲ್ಲರ ನಡುವೆ ಕನ್ನಡದವರು, ಉರ್ದು ಮಾತಿನವರು. 1809ರಲ್ಲಿ ದಂಡು ಬಂದು ಬೀಡುಬಿಟ್ಟ ಮೇಲೆ ಸುತ್ತ ಬೆಳೆದ ಊರು ಇದು. ಅದರ ಜೊತೆಗೇ ಬೆಳೆದವು ಶಾಲೆಗಳು: ಬಿಷಪ್ ಕಾಟನ್ 1865ರದು, ಬಾಲ್ಡ್‌ವಿನ್ 1880ರದು, ನಮಗೆ ನಡೆದು ಹೋಗುವಷ್ಟು ಹತ್ತಿರ ಪಾಟರಿ ರಸ್ತೆಯ ಕ್ಲಾರೆನ್ಸ್ 1914ರದು. ಡಿಸೆಂಬರ್ ರಜೆಗೆ ಮುಂಚೆ ಮಕ್ಕಳನ್ನು ಮೂರು ಸಾಲಿನಲ್ಲಿ ನಿಲ್ಲಿಸಿ ಹಾಡಿಸುವ ರೂಢಿ ಇಂಥ ಶಾಲೆಗಳಿಂದಲೇ ಸುತ್ತಲ ಸಣ್ಣ ಸಣ್ಣ ಶಾಲೆಗಳಿಗೂ ಹಬ್ಬಿದ್ದು. ಈಗ ಯಾವುದೇ ತರಗತಿಯ ಹಾಜರಿ ಪುಸ್ತಕ ತೆರೆದರೂ ಫಾತಿಮಾ, ಫ್ರಾನ್ಸಿಸ್, ಫಣೀಂದ್ರ ಒಂದೇ ಪುಟದಲ್ಲಿ ಸಿಗುತ್ತಾರೆ. ಹಬ್ಬ ಯಾರದಾದರೂ ಇರಲಿ, ಕಾರ್ಯಕ್ರಮ ಎಲ್ಲರದು.

ಹಾಗಾಗಿಯೇ ಜಗಳವೂ ಎಲ್ಲರದು. ಮಿಲ್ಟನ್ ಸ್ಟ್ರೀಟಿನ ಪಾರ್ಕಿನಲ್ಲಿ ಕೂತ ಹಿರಿಯರದು ಒಂದೇ ಮಾತು: ಕ್ರಿಸ್‌ಮಸ್ ಅಂದರೆ ಕ್ಯಾರಲ್, ಈಗಿನದೆಲ್ಲ ಸಿನಿಮಾ ಕುಣಿತ. ಮಕ್ಕಳ ತಾಯಂದಿರ ವಾಟ್ಸಾಪ್ ಗುಂಪಿನಲ್ಲಿ ಇನ್ನೊಂದು: ಹಳೇ ಹಾಡು ಬೋರು, ಮಕ್ಕಳಿಗೆ ಖುಷಿಯಾಗಬೇಕು, ವಿಡಿಯೋ ಚೆನ್ನಾಗಿ ಬರಬೇಕು. ಶಾಲೆಯ ಆಡಳಿತದವರು ಬಾಯಿಬಿಟ್ಟು ಹೇಳದ ಮೂರನೆಯದೂ ಇದೆ. ಹಿಮ, ಗಂಟೆ, ಸಾಂಟಾ, ಬಂಡಿ ಇಷ್ಟರಲ್ಲೇ ಮುಗಿಸಿದರೆ ಯಾರೂ ತಕರಾರು ತೆಗೆಯುವುದಿಲ್ಲ. ಈ ಮೂರನೆಯದರ ಮಾತು ಆಮೇಲೆ.

ಹಳೆಯದು ಹೊಸದು ಎಂಬ ಗೆರೆ ಎಲ್ಲಿ ಬೀಳುತ್ತದೆಂದು ನೋಡಹೊರಟರೆ ಕಾಲು ಜಾರುತ್ತದೆ. ‘ಗುಡ್ ಕಿಂಗ್ ವೆನ್ಸೆಸ್‌ಲಾಸ್’ ಹಿಮದಲ್ಲಿ ನಡೆಯುವ ರಾಜನ ಹಾಡು, ನೂರಕ್ಕೆ ನೂರು ಸಾಂಪ್ರದಾಯಿಕವೆಂದು ಯಾರಾದರೂ ಆಣೆಯಿಟ್ಟು ಹೇಳುತ್ತಾರೆ. ಅದರ ಧಾಟಿ 1582ರಲ್ಲಿ ಅಚ್ಚಾದ ಲ್ಯಾಟಿನ್ ಹಾಡುಗಳ ಪುಸ್ತಕವೊಂದರಿಂದ ಬಂದದ್ದು, ಅಲ್ಲಿ ಅದು ವಸಂತದ ಹಾಡು, ಹೂ ಅರಳುವ ಕಾಲದ್ದು. ಜಾನ್ ಮೇಸನ್ ನೀಲ್ ಎಂಬ ಪಾದ್ರಿ 1853ರಲ್ಲಿ ಅದಕ್ಕೆ ಚಳಿಗಾಲದ ಮಾತು ತೊಡಿಸಿದ. ‘ಹಾರ್ಕ್ ದ ಹೆರಾಲ್ಡ್’ ಕತೆ ಇನ್ನೂ ಸ್ವಾರಸ್ಯದ್ದು. ಮಾತು ಚಾರ್ಲ್ಸ್ ವೆಸ್ಲಿಯದು, 1739. ರಾಗ ಮೆಂಡೆಲ್‌ಸನ್‌ನದು, 1840. ಗುಟೆನ್‌ಬರ್ಗನ ಮುದ್ರಣಕಲೆಯ ಉತ್ಸವಕ್ಕೆಂದು ಬರೆದದ್ದು. ಈ ರಾಗ ದೇವರ ಮಾತಿಗೆ ಹೊಂದುವುದಿಲ್ಲವೆಂದು ಆತನೇ ಅಂದುಕೊಂಡಿದ್ದ. 1855ರಲ್ಲಿ ಇಂಗ್ಲೆಂಡಿನ ಒಬ್ಬ ಸಂಗೀತಗಾರ ಎರಡನ್ನೂ ಗಂಟುಹಾಕಿದ, ಗಂಟು ಇನ್ನೂ ಬಿಚ್ಚಿಲ್ಲ. ಇತ್ತ ‘ಹೊಸ ಕಾಲದ ಹಗುರ ಹಾಡು’ ಎಂದು ಬೈಸಿಕೊಳ್ಳುವ ‘ಜಿಂಗಲ್ ಬೆಲ್ಸ್’ 1857ರದು. ಅದರಲ್ಲಿ ಕ್ರಿಸ್‌ಮಸ್ಸಿನ ಹೆಸರೇ ಇಲ್ಲ, ಇರುವುದು ಕುದುರೆಬಂಡಿಯ ಹುಚ್ಚು ಓಟ, ಪಕ್ಕದಲ್ಲಿ ಕೂತ ಹುಡುಗಿ.

ನಮ್ಮ ಬೀದಿಗಳ ಮಟ್ಟಿಗಂತೂ ಸಂಪ್ರದಾಯವನ್ನು ಕಟ್ಟಿಕೊಟ್ಟದ್ದು ಚರ್ಚಿನ ಗಾಯನವೃಂದದಷ್ಟೇ ಕ್ಯಾಸೆಟ್ಟು ಕೂಡ. ದಂಡಿನ ಮನೆಗಳಲ್ಲಿ ಜಿಮ್ ರೀವ್ಸ್ ಹಾಡದೆ ಡಿಸೆಂಬರ್ ಶುರುವಾಗುತ್ತಿರಲಿಲ್ಲ. 1963ರ ಅವನ ಆ ಹನ್ನೆರಡು ಹಾಡಿನ ತಟ್ಟೆಯಲ್ಲಿ ‘ಸೈಲೆಂಟ್ ನೈಟ್’ ಇದೆ, ‘ಜಿಂಗಲ್ ಬೆಲ್ಸ್’ ಕೂಡ ಇದೆ, ಬಿಳಿ ಹಿಮ ಬಯಸುವ ಸಿನಿಮಾ ಹಾಡೂ ಇದೆ. ಒಂದೇ ಮಂದ್ರ ದನಿ ಎಲ್ಲವನ್ನೂ ಹಾಡಿದ್ದರಿಂದ ಕೇಳಿದವರಿಗೆ ಎಲ್ಲವೂ ಒಂದೇ ಮನೆತನದ್ದೆನಿಸಿತು. ಆಮೇಲೆ ಬೋನಿ ಎಂ ತಂಡ. ಗೋದಲಿಯ ಕೂಸಿನ ಆ ಹಾಡನ್ನು ಅಮೆರಿಕದ ಕಪ್ಪು ಸಮುದಾಯದ ಸಂಗೀತಗಾರ ಜೆಸ್ಟರ್ ಹೇರ್‌ಸ್ಟನ್ ಬರೆದ, 1956ರಲ್ಲಿ ಬೆಲಫಾಂಟೆ ಹಾಡಿದ, 1978ರಲ್ಲಿ ಬೋನಿ ಎಂ ಡಿಸ್ಕೋ ತಾಳಕ್ಕೆ ಕೂರಿಸಿತು. ಈಗ ‘ಮೊಮ್ಮಕ್ಕಳಿಗೆ ನಮ್ಮ ಕಾಲದ ಕ್ಯಾರಲ್ ಗೊತ್ತೇ ಇಲ್ಲ’ ಎನ್ನುವ ಅಜ್ಜಿಯ ಮನಸ್ಸಿನಲ್ಲಿರುವುದು ಬಹಳ ಸಲ ಇದೇ ಹಾಡು. ಅಜ್ಜಿಯ ಪ್ರಾಯದಲ್ಲಿ ಅದು ಡಾನ್ಸ್ ಫ್ಲೋರಿನದಾಗಿತ್ತು ಎಂದು ನೆನಪಿಸುವ ಧೈರ್ಯ ನನಗಿಲ್ಲ.

ಚರ್ಚಿನ ಒಳಗಿನ ಶಿಸ್ತಾದ ರೂಪವೂ ನಾವು ತಿಳಿದಷ್ಟು ಹಳೆಯದಲ್ಲ. ಒಂಬತ್ತು ವಾಚನ, ನಡುನಡುವೆ ಕ್ಯಾರಲ್, ಮೇಣದ ಬತ್ತಿ, ಇದರ ಮೂಲ 1880ರ ಇಂಗ್ಲೆಂಡಿನ ಟ್ರೂರೋ ಪಟ್ಟಣ. ಅಲ್ಲಿ ಕೆಥೆಡ್ರಲ್ ಇನ್ನೂ ಕಟ್ಟುತ್ತಿದ್ದರು, ಪೂಜೆ ನಡೆದದ್ದು ಮರದ ತಾತ್ಕಾಲಿಕ ಶೆಡ್ಡಿನಲ್ಲಿ. ಕೇಂಬ್ರಿಜಿನ ಕಿಂಗ್ಸ್ ಕಾಲೇಜಿಗೆ ಅದನ್ನು 1918ರಲ್ಲಿ ತಂದ ಎರಿಕ್ ಮಿಲ್ನರ್ ವೈಟ್ ಆಗತಾನೆ ಯುದ್ಧಭೂಮಿಯಿಂದ ಮರಳಿದ್ದ ಸೇನಾ ಪಾದ್ರಿ. ಹಳೆಯ ಪ್ರಾರ್ಥನೆಯ ಪುಸ್ತಕ ಯುದ್ಧ ಕಂಡು ಬಂದವರಿಗೆ ಸಾಲದೆಂದು ಅವನಿಗೆ ಅನಿಸಿತ್ತು. ಹೊಸದನ್ನು ಮಾಡಿದ. ಹತ್ತು ವರ್ಷ ಕಳೆದು ರೇಡಿಯೋ ಅದನ್ನು ಹಿಡಿದುಕೊಂಡಿತು, ಲೋಕವೆಲ್ಲ ಅದನ್ನು ಅನಾದಿಯೆಂದೇ ನಂಬಿತು.

ಇಷ್ಟೆಲ್ಲ ಗೊತ್ತಿದ್ದೂ ಆ ಎರಡು ತಾಲೀಮಿನ ಸದ್ದು ಕೇಳಿದಾಗ ನನ್ನ ಮನಸ್ಸು ಒಂದೇ ಕಡೆ ವಾಲುತ್ತದೆ. ಏಕೆ ಎಂದು ನನಗೇ ಬಹಳ ದಿನ ತಿಳಿದಿರಲಿಲ್ಲ. ವಯಸ್ಸಿನ ಕಾರಣಕ್ಕೆ ಇರಬಹುದೆಂದು ಸುಮ್ಮನಾಗಿದ್ದೆ. ದಾರಿ ತೋರಿಸಿದವರು ಪಕ್ಕದ ಬೀದಿಯ ಮ್ಯೂಸಿಕ್ ಮಿಸ್. ನಿವೃತ್ತರಾಗಿ ಬಹಳ ಕಾಲವಾಯಿತು, ಆದರೂ ಬೀದಿಗೆಲ್ಲ ಅವರು ಮಿಸ್. ಕನ್ನಡ ದಂಡಿನ ಕನ್ನಡ, ನಡುವೆ ತಮಿಳು, ಸಿಟ್ಟು ಬಂದರೆ ಇಂಗ್ಲಿಷು.

“ಹಳೇದು ಹೊಸದು ಬಿಡಿ ಸಾರ್,” ಅಂದರು ಒಂದು ದಿನ ಗೇಟಿನ ಬಳಿ. “ಮಕ್ಳು ಹಾಡ್ತಾ ಇದಾರಾ, ಅದು ನೋಡಿ. ಬರೀ ಬಾಯಿ ಆಡಿಸ್ತಾ ಇದಾರೆ. ಹಾಡ್ತಾ ಇರೋದು ಪೆನ್ ಡ್ರೈವು.”

ಅಲ್ಲಿಂದ ನಾನು ಗಮನಿಸತೊಡಗಿದೆ. ಈಗ ಶಾಲೆಯ ವೇದಿಕೆಗೆ ಹಾಡು ಬರುವುದು ಎರಡು ಬಗೆಯಲ್ಲಿ. ಒಂದು ಪೂರ್ತಿ ಹಾಡೇ ಮೊಳಗುತ್ತದೆ, ಮಕ್ಕಳು ಕುಣಿಯುತ್ತ ತುಟಿ ಕೂಡಿಸುತ್ತಾರೆ. ಇನ್ನೊಂದು ಕರೋಕೆ ಟ್ರ್ಯಾಕು, ವಾದ್ಯ ಮಾತ್ರ ಇರುತ್ತದೆ, ಮಕ್ಕಳು ಮೇಲೆ ಹಾಡಬೇಕು. ಆದರೆ ಟ್ರ್ಯಾಕಿನ ಶ್ರುತಿ ಮೂಲ ಗಾಯಕರದ್ದು. ಮರಾಯಾ ಕ್ಯಾರಿಯ 1994ರ ಆ ಹಾಡು ಆಕೆಯ ಗಂಟಲಿಗೆ ಅಳತೆ ಕೊಟ್ಟು ಹೊಲಿಸಿದ ಬಟ್ಟೆ; ಅದನ್ನು ಏಳನೇ ಕ್ಲಾಸಿನ ಮಗುವಿಗೆ ತೊಡಿಸಿದರೆ ತೋಳು ನೆಲಕ್ಕೆ ಎಳೆಯುತ್ತದೆ. ಅರ್ಧ ಕ್ಲಾಸು ಕೆಳಗಿನ ಸ್ಥಾಯಿಯಲ್ಲಿ ಗೊಣಗುತ್ತದೆ, ಉಳಿದರ್ಧ ಮೇಲೆ ಕಿರುಚುತ್ತದೆ. ಸೌಂಡಿನವನು ಜಾಣ. ಮಕ್ಕಳ ಮೈಕು ಇಳಿಸಿ ಟ್ರ್ಯಾಕು ಏರಿಸುತ್ತಾನೆ. ಸಭೆಯಲ್ಲಿ ಕೂತ ಅಪ್ಪ ಅಮ್ಮಂದಿರಿಗೆ ಎಲ್ಲ ಸೊಗಸಾಗಿಯೇ ಕೇಳುತ್ತದೆ. ತಮ್ಮ ಮಗುವಿನ ದನಿಯೊಂದನ್ನು ಬಿಟ್ಟು.

ಕ್ಯಾರಲ್ ಹುಟ್ಟಿದ್ದೇ ಹಾಡಲು ಬಾರದವರಿಗಾಗಿ. ಬೀದಿಯಲ್ಲಿ, ಚಳಿಯಲ್ಲಿ, ಓದು ಬಾರದವರೂ ಹಿಡಿದುಕೊಳ್ಳುವಂತೆ. ಅದರ ಬಹುಪಾಲು ಧಾಟಿಗಳು ಒಂದು ಸ್ಥಾಯಿಯೊಳಗೆ, ಹೆಚ್ಚೆಂದರೆ ಒಂದೋ ಎರಡೋ ಸ್ವರ ಆಚೀಚೆ ಓಡಾಡುತ್ತವೆ. ಒಂದು ಸ್ವರದಿಂದ ಪಕ್ಕದ್ದಕ್ಕೆ ಹೆಜ್ಜೆ, ಅಪರೂಪಕ್ಕೊಂದು ಜಿಗಿತ. ಪಲ್ಲವಿ ಮರಳಿ ಮರಳಿ ಬರುತ್ತದೆ, ಮಾತು ಮರೆತವನು ಅಲ್ಲಿ ಸೇರಿಕೊಳ್ಳಬಹುದು. ನಮ್ಮಲ್ಲಿ ಸಂಗೀತ ಕಲಿಯಹೋದವರಿಗೆ ಇದು ಹೊಸ ಸಂಗತಿಯಲ್ಲ. ಸರಳೆ, ಜಂಟಿ ವರಸೆ ದಾಟಿದ ಮಗುವಿಗೆ ಮೊದಲು ಹೇಳಿಕೊಡುವುದು ಪುರಂದರದಾಸರ ಪಿಳ್ಳಾರಿ ಗೀತೆಗಳನ್ನು. ಐನೂರು ವರ್ಷ ಹಿಂದಿನವರು ಎಂಬ ಗೌರವಕ್ಕೆ ಯಾವ ಮೇಷ್ಟರೂ ಅದನ್ನು ಪಾಠಕ್ಕೆ ಇಟ್ಟುಕೊಂಡಿಲ್ಲ. ಎಳೆಯ ಗಂಟಲು ಎಷ್ಟು ಏರಬಲ್ಲದು, ಎಲ್ಲಿ ಉಸಿರು ತೆಗೆದುಕೊಳ್ಳುತ್ತದೆ ಎಂದು ತಿಳಿದು ಕಟ್ಟಿದ್ದು ಅವು.

‘ಸೈಲೆಂಟ್ ನೈಟ್’ ಮಾತ್ರ ಈ ಲೆಕ್ಕಕ್ಕೆ ಸ್ವಲ್ಪ ಸಡ್ಡು ಹೊಡೆಯುತ್ತದೆ. ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಎಂಬ ಊರಿನ ಚರ್ಚಿನಲ್ಲಿ 1818ರ ಡಿಸೆಂಬರ್ 24ರಂದು ಪಾದ್ರಿ ಯೋಸೆಫ್ ಮೋರ್ ಮತ್ತು ಶಾಲಾ ಮಾಸ್ತರ ಫ್ರಾನ್ಸ್ ಗ್ರೂಬರ್ ಗಿಟಾರ್ ಹಿಡಿದು ಮೊದಲ ಸಲ ಹಾಡಿದ್ದು. ಸುಲಭದ ಹಾಡೆಂದು ಎಲ್ಲರೂ ನಂಬಿದ್ದಾರೆ, ಸುಲಭವಲ್ಲ. ಜೋಗುಳದ ಲಯದಲ್ಲಿ ಮೆಲ್ಲಗೆ ಸಾಗಿದ ರಾಗ ಕೊನೆಗೆ ಬರುತ್ತಿದ್ದಂತೆ ಥಟ್ಟನೆ ತುತ್ತತುದಿಗೆ ಏರುತ್ತದೆ, ಏರಿದ್ದೇ ಒಂದು ಸ್ಥಾಯಿಗಿಂತಲೂ ಕೆಳಕ್ಕೆ ಇಳಿಯುತ್ತದೆ. ಆ ಜಾಗದಲ್ಲಿ ಮಕ್ಕಳ ಸಾಲನ್ನು ನೋಡಬೇಕು. ಮುಂದಿನ ಸಾಲಿನ ಹುಡುಗಿ ಸ್ವರ ಮುಟ್ಟಲು ಹಿಮ್ಮಡಿ ಎತ್ತುತ್ತಾಳೆ. ದನಿ ಒಡೆಯುತ್ತಿರುವ ಹುಡುಗ ಗಲ್ಲ ಎದೆಗೆ ಒತ್ತಿ ಕೆಳಗಿನ ಸ್ಥಾಯಿಗೆ ಇಳಿದುಬಿಡುತ್ತಾನೆ. ನಾಲ್ಕಾರು ಮಕ್ಕಳು ಬಾಯಿ ಮುಚ್ಚಿ ಮುಂದಿನ ಸಾಲಿಗೆ ಕಾಯುತ್ತಾರೆ. ಒಂದು ಗಳಿಗೆ ಹಾಡು ಮೂರೋ ನಾಲ್ಕೋ ಗಂಟಲ ಮೇಲೆ ನಿಂತಿರುತ್ತದೆ. ಆಮೇಲೆ ಇಳಿಜಾರಿನಲ್ಲಿ ಉಳಿದವರೆಲ್ಲ ಬಂದು ಕೂಡಿಕೊಳ್ಳುತ್ತಾರೆ. ಒಬ್ಬರ ಉಸಿರು ತೀರಿದ ಕಡೆ ಪಕ್ಕದವರದ್ದು ಇರುತ್ತದೆ. ಗುಂಪಿನಲ್ಲಿ ಹಾಡುವುದೆಂದರೆ ಇದೇ ಎಂದು ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಆ ಏರು ಹೇಳಿಕೊಡುತ್ತದೆ. ಟ್ರ್ಯಾಕಿನಲ್ಲಿ ಈ ಏರು ಯಾವತ್ತೋ ಯಾರೋ ಹತ್ತಿ ಮುಗಿಸಿಟ್ಟದ್ದು.

ಹೊಸ ಹಾಡೆಲ್ಲ ಮಕ್ಕಳ ಬಾಯಿ ಕಟ್ಟುತ್ತದೆ ಎಂದು ಇದರಿಂದ ತೀರ್ಮಾನಿಸಿದರೆ ತಪ್ಪಾಗುತ್ತದೆ. ಕೆಲವು ವರ್ಷದ ಕೆಳಗೆ ಒಂದು ಶಾಲೆಯ ಕಾರ್ಯಕ್ರಮಕ್ಕೆ ಹೋಗಿದ್ದೆ, ಹೆಸರು ಬೇಡ. ಮೈದಾನದಲ್ಲಿ ಶಾಮಿಯಾನ, ಹಿಂದೆ ಎಲ್‌ಇಡಿ ಪರದೆಯ ಮೇಲೆ ಬಿಡದೆ ಬೀಳುವ ಹಿಮ. ಎಂಟನೇ ಕ್ಲಾಸಿನವರ ಡಾನ್ಸು ನಡುವೆ ಇದ್ದಾಗ ಕರೆಂಟು ಹೋಯಿತು. ಹಿಮ ನಿಂತಿತು, ಗಾಯಕಿಯ ದನಿ ನಿಂತಿತು, ಕೆಂಪು ಟೋಪಿಯ ಇಪ್ಪತ್ತು ಮಕ್ಕಳು ಕೈ ಎತ್ತಿದಲ್ಲೇ ನಿಂತರು. ಜನರೇಟರಿನವನು ಎಲ್ಲಿಗೋ ಹೋಗಿದ್ದ. ಆಗ ಟೀಚರೊಬ್ಬರು ಪಕ್ಕದಲ್ಲಿ ಕಾಯುತ್ತಿದ್ದ ಮೂರನೇ ಕ್ಲಾಸಿನವರನ್ನು ಹತ್ತಿಸಿದರು, ಅವರದು ಕ್ಯಾರಲ್. ಶುರುವಾಯಿತು. ಸ್ವರ ಕೊಡುವ ಕೀಬೋರ್ಡ್ ಇಲ್ಲದ್ದರಿಂದ ಶ್ರುತಿ ಮೊದಲೇ ಮೇಲಿತ್ತು, ಎರಡನೇ ಚರಣಕ್ಕೆ ಇನ್ನೂ ಏರಿತು, ಮೂರನೆಯದಕ್ಕೆ ಬರುವಷ್ಟರಲ್ಲಿ ಮಕ್ಕಳೇ ನಗತೊಡಗಿದರು. ಕ್ಯಾರಲ್ ಕುಸಿಯಿತು. ಸಭೆಯನ್ನು ಉಳಿಸಿದ್ದು ವೇದಿಕೆಯಿಂದ ಇಳಿಯದೆ ಉಳಿದಿದ್ದ ಎಂಟನೇ ಕ್ಲಾಸಿನ ಹುಡುಗ. ‘ಫೆಲಿಸ್ ನವಿದಾ’ ಎತ್ತಿಕೊಂಡ. ಹೊಸೆ ಫೆಲಿಸಿಯಾನೋ ಎಂಬ ಹುಟ್ಟುಕುರುಡ ಗಾಯಕ 1970ರಲ್ಲಿ ಕಟ್ಟಿದ ಹಾಡು. ಎರಡು ಭಾಷೆಯಲ್ಲಿ ಬೆರಳೆಣಿಕೆಯ ಮಾತು, ಚಪ್ಪಾಳೆಗೆ ತಾನಾಗಿ ಒದಗುವ ತಾಳ. ಸ್ಪ್ಯಾನಿಷ್ ಅಲ್ಲಿ ಯಾರಿಗೂ ಬರುತ್ತಿರಲಿಲ್ಲ. ದೊಡ್ಡವರು, ಚಿಕ್ಕವರು, ಐಸ್ ಕ್ಯಾಂಡಿ ಮಾರುವವನು ಕೂಡ ಎರಡನೇ ಸುತ್ತಿಗೆ ಹಿಡಿದುಕೊಂಡರು.

ಆ ಸಂಜೆಯ ಮೇಲೆ ಹಾಡಿನ ಇಸವಿ ನೋಡುವುದನ್ನು ನಾನು ಬಿಟ್ಟೆ. ಗಂಟಲಿಗೆ ಸಿಕ್ಕುವ ಹೊಸ ಹಾಡೂ ಇದೆ, ಸಿಕ್ಕದ ಹಳೆಯ ಹಾಡೂ ಇದೆ. ಫ್ರೆಂಚಿನ ‘ಓ ಹೋಲಿ ನೈಟ್’ 1847ರದು, ಮಹಾ ಚೆಲುವಿನ ಹಾಡು. ಅದನ್ನು ಆರನೇ ಕ್ಲಾಸಿನವರ ಕೈಗೆ ಕೊಡುವವರಿಗೆ ಮಕ್ಕಳ ಮೇಲೆ ಕನಿಕರವಿಲ್ಲ ಎನ್ನಬೇಕು.

ಈಗ ಆ ಮೂರನೆಯ ಮಾತು. ಹಳೆಯ ಕ್ಯಾರಲ್‌ಗಳಲ್ಲಿ ಕತೆಯಿದೆ: ಹೆರಿಗೆಗೆ ಜಾಗ ಸಿಗದ ಬಡ ದಂಪತಿ, ಹಟ್ಟಿ, ಗೋದಲಿ, ರಾತ್ರಿ ಕುರಿ ಕಾಯುವವರು, ದೂರದಿಂದ ಬಂದ ಜ್ಞಾನಿಗಳು, ಮಕ್ಕಳನ್ನು ಕೊಲ್ಲಿಸಹೊರಟ ರಾಜ. ಹೊಸ ಹಾಡುಗಳಲ್ಲಿ ಹೆಚ್ಚಾಗಿ ಹವೆಯಿದೆ, ಉಡುಗೊರೆಯಿದೆ, ಪ್ರೇಮವಿದೆ. ಎಲ್ಲ ಧರ್ಮದ ಮಕ್ಕಳಿರುವ ಕಡೆ ಕತೆಗಿಂತ ಹವೆ ಸುರಕ್ಷಿತ ಎಂದು ಶಾಲೆಗಳು ಭಾವಿಸಿದರೆ ಅದಕ್ಕೆ ಕಾರಣವೂ ಇದೆ. 2021ರ ಡಿಸೆಂಬರಿನಲ್ಲಿ ಮಂಡ್ಯ ಜಿಲ್ಲೆಯ ಪಾಂಡವಪುರದ ಶಾಲೆಯೊಂದಕ್ಕೆ ಗುಂಪೊಂದು ನುಗ್ಗಿ ಕ್ರಿಸ್‌ಮಸ್ ಆಚರಣೆಯನ್ನು ತಡೆದದ್ದು ಸುದ್ದಿಯಾಗಿತ್ತು. ಆಮೇಲೆ ಎಷ್ಟೋ ಪ್ರಿನ್ಸಿಪಾಲರು ಹಾಡಿನ ಪಟ್ಟಿಯನ್ನು ಎರಡೆರಡು ಸಲ ಓದಿರಬಹುದು. ಅವರನ್ನು ಅಂಜುಬುರುಕರೆಂದು ಮನೆಯಲ್ಲಿ ಕೂತು ಜರೆಯುವುದು ಸುಲಭ.

ಆದರೂ ಇದರಲ್ಲೊಂದು ತಮಾಷೆಯಿದೆ. ದಂಡಿನ ಶಾಲೆಗಳಲ್ಲಿ ಓದಿ ಈಗ ಅರವತ್ತು ದಾಟಿದ ಮುಸ್ಲಿಮರು, ಹಿಂದೂಗಳು ನನಗೆ ಅನೇಕರು ಗೊತ್ತು. ಅವರು ಕುರಿಕಾಯುವವರಾಗಿ ಅಪ್ಪನ ಟವೆಲ್ಲು ತಲೆಗೆ ಸುತ್ತಿಕೊಂಡು ನಿಂತವರು, ಗೋಣಿತಾಟಿನ ಅಂಗಿ ತೊಟ್ಟು ಮೈಯೆಲ್ಲ ಕೆರೆದುಕೊಂಡವರು, ಥರ್ಮೊಕೋಲಿನ ರೆಕ್ಕೆ ಬಾಗಿಲಿಗೆ ಸಿಕ್ಕಿ ಅತ್ತ ದೇವದೂತರು. ಇವರಲ್ಲಿ ಯಾರೂ ತಮ್ಮ ಮನೆಯ ದೇವರನ್ನು ಅಲ್ಲಿ ಬಿಟ್ಟುಬರಲಿಲ್ಲ. ಈಸಾ ನಬಿಯ ಜನ್ಮದ ಕತೆ ಫ್ರೇಜರ್ ಟೌನಿನ ಹುಡುಗನಿಗೆ ಕುರಾನಿನಿಂದಲೂ ಗೊತ್ತಿತ್ತು. ಅಲ್ಲಿ ಮರಿಯಮಳ ಹೆಸರಿನ ಅಧ್ಯಾಯವೇ ಇದೆ. ಕೃಷ್ಣನ ಜನ್ಮದ ಕತೆ ಕೇಳಿ ಬೆಳೆದ ಮಗುವಿಗೆ ರಾತ್ರಿ ಹುಟ್ಟಿದ ಕೂಸು, ಹೆದರಿದ ಅರಸ, ದನದ ಕೊಟ್ಟಿಗೆ ಯಾವುದೂ ಪರಕೀಯವೆನಿಸಲಿಲ್ಲ. ಇನ್ನು ಎಲ್ಲರಿಗೂ ಹೊಂದುತ್ತದೆಂದು ಆರಿಸಿದ ಹಿಮ ಇಲ್ಲಿ ಯಾರಿಗೂ ಸೇರಿದ್ದಲ್ಲ. ಡಿಸೆಂಬರಿನ ಬೆಂಗಳೂರಿನಲ್ಲಿ ನಸುಕಿನ ಚಳಿ 15–16 ಡಿಗ್ರಿ, ಅದಕ್ಕೇ ನಾವು ಮಂಕಿ ಕ್ಯಾಪ್ ಹಾಕುತ್ತೇವೆ. ಹಿಮದ ಆಸೆಗೆ ಹಳೆಯ ಕ್ಯಾರಲ್ಲೂ ಹೊರತಲ್ಲ ಎನ್ನಬೇಕು. ಇಂಗ್ಲೆಂಡಿನ ಕವಿಗಳು ಬೆತ್ಲೆಹೇಮಿನ ಮೇಲೆ ಧಾರಾಳವಾಗಿ ಹಿಮ ಸುರಿದಿದ್ದಾರೆ.

ಹಿಮವಿಲ್ಲದ ಕ್ಯಾರಲ್ ಹುಡುಕಿದರೆ ದೂರ ಹೋಗಬೇಕಿಲ್ಲ, ಕನ್ನಡದಲ್ಲೇ ಇದೆ; ಅದರ ಸುಳಿವು ನಮ್ಮ ಬಡಾವಣೆಗಳ ಹೆಸರಲ್ಲೇ ಸಿಗುತ್ತದೆ. ಕುಕ್ ಟೌನಿಗೆ ಸರ್ಕಾರಿ ಕಾಗದದ ಮೇಲೆ ಸರ್ವಜ್ಞನಗರವೆಂದು ಹೆಸರು, ವಿಧಾನಸಭಾ ಕ್ಷೇತ್ರದ ಹೆಸರೂ ಅದೇ. ಆಟೋದವರಿಗೆ ಹಾಗೆಂದರೆ ಮುಖ ನೋಡುತ್ತಾರೆ, ಆ ಮಾತು ಬೇರೆ. ಊರೂರು ಅಲೆದು ಸರ್ವಜ್ಞನ ತ್ರಿಪದಿಗಳನ್ನು ಒಟ್ಟುಮಾಡಿ 1924ರಲ್ಲಿ ಪುಸ್ತಕ ಮಾಡಿದ ಉತ್ತಂಗಿ ಚನ್ನಪ್ಪನವರು ಚರ್ಚಿನ ಪಾದ್ರಿಯಾಗಿದ್ದರು. 1949ರ ಕಲಬುರಗಿ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದವರು. ಆಸ್ಟಿನ್ ಟೌನಿಗೆ ಈಗ ಕಿಟೆಲ್ ನಗರವೆಂಬ ಹೆಸರಿದೆ. 1894ರ ನಿಘಂಟಿನಿಂದ ಎಲ್ಲರಿಗೂ ಗೊತ್ತಿರುವ ಕಿಟೆಲ್ ಅದಕ್ಕೂ ಬಹಳ ಮುಂಚೆ, 1862ರಲ್ಲಿ, ಕ್ರಿಸ್ತನ ಜೀವನವನ್ನು ‘ಕಥಾಮಾಲೆ’ ಎಂದು ಕನ್ನಡ ಪದ್ಯಕ್ಕೆ ತಂದಿದ್ದರು, ದೇಸಿ ಛಂದಸ್ಸನ್ನೇ ಹಿಡಿದು. ಜರ್ಮನಿಯ ಧಾಟಿಗೆ ಕನ್ನಡ ಮಾತು ತುಂಬುವ ರೂಢಿ ಆಗ ಬಾಸೆಲ್ ಮಿಶನ್ನಿನಲ್ಲಿ ಇದ್ದೇ ಇತ್ತು. ಆ ಪರಕೀಯ ಧಾಟಿಗಳಲ್ಲಿ ನಮ್ಮ ಹ್ರಸ್ವಗಳನ್ನು ದೀರ್ಘವಾಗಿ ಎಳೆದು, ಮಾತನ್ನು ನಡುವೆ ಮುರಿದು ಹಾಡಬೇಕಾಗುತ್ತದೆ. ಈ ಮಣ್ಣಿನ ಧಾಟಿಗೆ ಆ ಕಷ್ಟವಿಲ್ಲ.

ಕನ್ನಡದ ಕ್ರಿಸ್‌ಮಸ್ ಗೀತೆಗಳು ಕನ್ನಡ ಚರ್ಚುಗಳಲ್ಲಿ ಇಂದಿಗೂ ಬದುಕಿವೆ. ಹಡ್ಸನ್ ಸ್ಮಾರಕ ಚರ್ಚಿಗೆ ಡಿಸೆಂಬರಿನ ಒಂದು ಭಾನುವಾರ ಹೋದರೆ ಕೇಳಬಹುದು. ಅವು ನಮ್ಮ ಇಂಗ್ಲಿಷ್ ಶಾಲೆಗಳ ವೇದಿಕೆಗೆ ಏರುವುದು ಮಾತ್ರ ಅಪರೂಪ. ಏರಿದರೂ ರಾಜ್ಯೋತ್ಸವದ ದಿನದ ಭುವನೇಶ್ವರಿಯ ಹಾಗೆ ಒಂದೇ ಒಂದು, ಲೆಕ್ಕಕ್ಕೆ. ಶಾಲೆಯ ಜಗಳದಲ್ಲಿ ಈ ಹಾಡುಗಳ ಹೆಸರೇ ಬರುವುದಿಲ್ಲ. ಎರಡು ಕಡೆಯವರೂ ಇಂಗ್ಲಿಷಿನ ಹಳತು, ಇಂಗ್ಲಿಷಿನ ಹೊಸತು ಎಂದು ಎಳೆದಾಡುತ್ತಾರೆ. ಮನೆಕೆಲಸಕ್ಕೆ ಬರುವ ಅಮ್ಮ ಜೀವನಹಳ್ಳಿಯಿಂದ ನಡೆದು ಬಂದು ಕಾರ್ಯಕ್ರಮದ ಕೊನೇ ಸಾಲಿನಲ್ಲಿ ನಿಂತಿರುತ್ತಾರೆ, ಮಗಳು ಹಾಡಿದ್ದು ಏನೆಂದು ಅವರಿಗೆ ಒಂದು ಅಕ್ಷರ ತಿಳಿಯುವುದಿಲ್ಲ. ಆ ಮಗಳಿಗೂ ತಿಳಿದಿದೆಯೆಂಬ ಖಾತ್ರಿ ನನಗಿಲ್ಲ.

ಕ್ಯಾರಲ್‌ಗೆ ಶಾಲೆಯ ವೇದಿಕೆಗಿಂತ ಕಠಿಣವಾದ ಪರೀಕ್ಷೆ ಬೀದಿಯಲ್ಲಿದೆ. ಡಿಸೆಂಬರ್ ನಡು ದಾಟಿದ ಮೇಲೆ ಚರ್ಚುಗಳ ಗಾಯನವೃಂದ ಮನೆಮನೆಗೆ ಹೊರಡುತ್ತದೆ. ಒಂದು ಗಿಟಾರು, ಒಂದು ತಮಟೆಯಂಥ ಡ್ರಮ್ಮು, ಹತ್ತಿಯ ಗಡ್ಡದ ಸಾಂಟಾ, ಕಾಣಿಕೆಯ ಡಬ್ಬಿ. ಹಚಿನ್ಸ್ ರಸ್ತೆಯ ಯಾವುದಾದರೂ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ಬಾಗಿಲಲ್ಲಿ ಇಷ್ಟೇ ಇಷ್ಟು ಜಾಗದಲ್ಲಿ ಹನ್ನೆರಡು ಜನ ನಿಂತು ಹಾಡಬೇಕು. ಅಲ್ಲಿ ಮೈಕಿಲ್ಲ, ಪರದೆಯಿಲ್ಲ. ಪಕ್ಕದ ಫ್ಲಾಟಿನಲ್ಲಿ ಸೀರಿಯಲ್ಲು ಓಡುತ್ತಿರುತ್ತದೆ. ಮನೆಯವರಲ್ಲಿ ಒಬ್ಬರು ತಮಿಳು, ಸೊಸೆ ಕೊಂಕಣಿ, ಮಕ್ಕಳು ಇಂಗ್ಲಿಷು. ಆ ಬಾಗಿಲಲ್ಲಿ ನಿಲ್ಲುವ ಹಾಡು ಯಾವುದೆಂದು ಗಾಯನವೃಂದಕ್ಕೆ ಚೆನ್ನಾಗಿ ಗೊತ್ತು. ಒಂದು ಹಳೆಯದು ತಮಿಳಿನಲ್ಲಿ, ಒಂದು ಇಂಗ್ಲಿಷಿನದು, ಕೊನೆಗೆ ಮಕ್ಕಳು ಬಾಗಿಲಿಗೆ ಬಂದರೆ ‘ಫೆಲಿಸ್ ನವಿದಾ’ ಅಥವಾ ‘ಜಿಂಗಲ್ ಬೆಲ್ಸ್’. ಮರಾಯಾ ಕ್ಯಾರಿಯನ್ನು ಯಾರೂ ಮುಟ್ಟುವುದಿಲ್ಲ. ಇದಕ್ಕೆ ಯಾವ ಸಮಿತಿಯೂ ಕೂತು ನಿಯಮ ಮಾಡಿಲ್ಲ. ಹಾಡಿದ ಮೇಲೆ ತಟ್ಟೆಯಲ್ಲಿ ಕುಲ್‌ಕುಲ್ ಬರುತ್ತದೆ, ಒಂದೊಂದು ಮನೆಯಲ್ಲಿ ದ್ರಾಕ್ಷಾರಸ, ಹಾಗಾಗಿ ಕೊನೇ ಮನೆಗಳ ಹಾಡು ಮೊದಲ ಮನೆಗಳಿಗಿಂತ ಯಾವಾಗಲೂ ಹೆಚ್ಚು ಉತ್ಸಾಹದ್ದು.

ಹಾಡ್ತಾ ಹಾಡ್ತಾ ರಾಗ ಎಂದು ನಮ್ಮಲ್ಲಿ ಗಾದೆ. ಮಗು ಹಾಡದೆ ಹೋದರೆ ರಾಗ ಬರುವ ಬಗೆಯೇ ಇಲ್ಲ. ಅಪಸ್ವರ ಕೇಳಿಸದ ಹಾಗೆ ಕಾರ್ಯಕ್ರಮ ಮಾಡುವ ತಂತ್ರ ಈಗ ಶಾಲೆಗಳಿಗೆ ಸಿದ್ಧಿಸಿದೆ. ಅದರ ಬೆಲೆ ಏನೆಂದು ಲೆಕ್ಕ ಹಾಕಿದವರು ಕಡಿಮೆ. ಇಡೀ ಬಾಲ್ಯದಲ್ಲಿ ಒಮ್ಮೆಯೂ ನಲವತ್ತು ಜನರ ನಡುವೆ ತನ್ನ ದನಿ ತಾನು ಕೇಳಿಸಿಕೊಳ್ಳದ ಮಗು, ಪಕ್ಕದವನ ಶ್ರುತಿಗೆ ತನ್ನದನ್ನು ತಿದ್ದಿಕೊಳ್ಳದ ಮಗು, ದೊಡ್ಡದಾದ ಮೇಲೆ ಆ ಕೆಲಸವನ್ನು ಎಲ್ಲಿ ಕಲಿಯುತ್ತದೆ ಎಂಬುದು ನನಗೆ ತಿಳಿಯದು. ಜಿಮ್ ರೀವ್ಸ್ ಕೇಳಿ ಬೆಳೆದ ನಮ್ಮ ಕಾಲದವರೂ ಮನೆಯಲ್ಲಿ ಕೇಳುಗರೇ. ಆದರೆ ಶಾಲೆಯಲ್ಲಿ ಹಾಡುವವರಾಗಿದ್ದರು. ಈಗ ಎರಡೂ ಕಡೆ ಕೇಳುವುದೇ ಆಗಿದೆ.

ಈ ಸಲ ಹತ್ತಿರದ ಒಂದು ಶಾಲೆಯವರು ಮ್ಯೂಸಿಕ್ ಮಿಸ್ಸನ್ನು ಕರೆಸಿಕೊಂಡಿದ್ದಾರೆ, ಸಂಬಳ ಆಟೋ ಖರ್ಚಿನಷ್ಟು. ಅವರ ಪಟ್ಟಿ ನೋಡಿದೆ. ಹಳೆಯ ಕ್ಯಾರಲ್ ಮೂರು, ಹೇರ್‌ಸ್ಟನ್ನನ ಹಾಡು, ‘ಫೆಲಿಸ್ ನವಿದಾ’, ಕನ್ನಡದ್ದು ಎರಡು. ಎಲ್ಲವೂ ಒಂದೂವರೆ ಸ್ವರ ಕೆಳಗಿನ ಶ್ರುತಿಗೆ. ಒಂದು ಕೀಬೋರ್ಡು, ಒಂದು ಡೋಲಕ್ಕು, ಟ್ರ್ಯಾಕು ಬೇಡ.

“ಡಾನ್ಸ್ ಮಾಸ್ತರು ಮಾತೇ ಬಿಟ್ಟಿದಾನೆ ನನ್ ಹತ್ರ,” ಅಂದರು ಮಿಸ್. “ಪಾಪ, ಅವನದೂ ಹೊಟ್ಟೆಪಾಡು. ಕುಣಿಯೋ ಮಕ್ಳಿಗೆ ಕುಣಿಯೋಕೂ ಒಂದು ಬೇಕಲ್ವಾ? ಮರಾಯಾ ಕ್ಯಾರಿ ನೀನೇ ಇಟ್ಕೋ ಅಂತ ಹೇಳಿದೀನಿ. ಆದ್ರೆ ಒಂದೇ. ಮತ್ತೆ ಅದು ಲಾಸ್ಟ್ ಐಟಮ್ಮು.”